ಕುಂಬಳಕಾಯಿ ಬಣ್ಣದ ದೋಣಿ

ಕಡಲಂಚಿನ ಮರಾಂಗ್ ಊರಿನ ಅಂಚೆಕಚೇರಿಯಿಂದ ನಿವೃತ್ತರಾದ ಪಾಕ್ ರುಸ್ದಿ, ಅರವತ್ತು ದಾಟಿದ ಮೇಲೆ, ಒಬ್ಬರೇ ಕೂರುವ, ಕಳಿತ ಕುಂಬಳಕಾಯಿಯ ಕಿತ್ತಳೆ ಬಣ್ಣದ ಕಯಾಕ್ ದೋಣಿ ಕೊಂಡು ಸಮುದ್ರದ ಮೀನಿಗೆ ಗಾಳ ಹಾಕಲು ಹೊರಟರು. ಹುಟ್ಟು, ಗಾಳದ ಕೋಲು, ಕನ್ನಡಕ, ಕೊನೆಗೆ ಕಟ್ಟಿಸಿಕೊಂಡ ಹಲ್ಲಿಗೂ ನೀರುಪಾಲಾಗದಂತೆ ಒಂದೊಂದು ದಾರ ಬಿಗಿದು ಅವರು ದಂಡೆಗಿಳಿದರೆ ಸೂತ್ರದ ಗೊಂಬೆಯೇ ನಡೆದು ಬಂದಂತೆ. ಮೀನಿಗೆ ಹೊರಟವರನ್ನು ಆ ಊರಲ್ಲಿ ಎಲ್ಲಿಗೆಂದು ಕೇಳಬಾರದು. ಕೇಳಿದರೆ ಇವರು ಮನೆಗೆ ಮರಳಿ, ಚಹಾ ಕುಡಿದು, ಹೊಸದಾಗಿ ಹೊರಡುತ್ತಾರೆ. ಅದಕ್ಕೇ ಪಕ್ಕದ ಮನೆಯ ಹಮ್ಜಾ ಬೇಕೆಂದೇ, "ಕುಂಬಳಕಾಯಿ ಸವಾರಿ ಎಲ್ಲಿಗೆ ಹೊರಡ್ತು?" ಎನ್ನುತ್ತಾನೆ. "ನಿನ್ ನಾಲಿಗೆಗೆ ಗಾಳ ಹಾಕೋಕೆ ಕಣೋ!" ಎಂದು ಬೈಯುತ್ತ ಇವರು ಮೂರನೇ ಚಹಾಕ್ಕೆ ತಿರುಗುತ್ತಾರೆ. ಇಷ್ಟೆಲ್ಲ ಮಾಡಿ ನೀರಿಗಿಳಿದವರು, ಸರಿಯಾಗಿ ಮೀನು ಕಚ್ಚುವ ಹೊತ್ತಿಗೆ ದಡದ ಕಡೆ ಹೊರಟುಬಿಡುತ್ತಾರೆ. "ಇನ್ನೊಂದ್ ಗಳಿಗೆ ಇರಬಾರ್ದಾ ಮಾರಾಯ?" ಎಂದು ಪಕ್ಕದಲ್ಲೇ ತನ್ನ ದೋಣಿಯಲ್ಲಿ ಗಾಳ ಹಾಕಿ ಕೂತ ಹಮ್ಜಾ ಹಲುಬಿದರೆ, "ಅಮ್ಮಂಗೆ ಹಸಿವಾಗಿರತ್ತೆ" ಎನ್ನುತ್ತಾರೆ. ದಂಡೆಯ ಗಾಳಿಮರದ ಕೆಳಗೆ ಕೂತ ಮುದಿತಾಯಿ, ದೋಣಿ ದಡದತ್ತ ತಿರುಗಿದ್ದು ಕಂಡ ಮೇಲೆಯೇ ಎದ್ದು ಅನ್ನಕ್ಕಿಡುವುದು. ಬಹಳ ಹಿಂದೆ ಒಮ್ಮೆ ಮೊದಲೇ ಅನ್ನ ಮಾಡಿಟ್ಟು, ಮೀನಿಗೆ ಹೋದ ಗಂಡನಿಗಾಗಿ ಅದು ಹಳಸುವ ತನಕ ಕಾದವಳು ಅವಳು. ಅಂಗಡಿಯಲ್ಲಿ ನೀಲಿ ದೋಣಿ ಅಗ್ಗಕ್ಕೆ ಸಿಗುತ್ತಿತ್ತು. ಅದು ಆ ಮಬ್ಬುಗಣ್ಣಿಗೆ ಕಾಣುತ್ತಿರಲಿಲ್ಲ.