ಕಳೆಗೆ ನೀರು ಹಾಕಿದ ಓನರಮ್ಮ

ಮೊನ್ನೆ ಈಗಿನ ಮನೆಯ ತಾರಸಿಯ ಡಬ್ಬದಲ್ಲಿ ಒಣಗಿದ್ದ ಜೋಳದ ಗಿಡವನ್ನು ಬುಡಸಮೇತ ಕಿತ್ತೆ. ಬೇರಿಗಂಟಿದ ಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಸಿಂಗಸಂದ್ರದ ನಮ್ಮ ಓನರಮ್ಮ ನೆನಪಾಗಿ ಒಬ್ಬಳೇ ನಕ್ಕುಬಿಟ್ಟೆ...

ನಾನಾಗ ಬೊಮ್ಮಸಂದ್ರದ ಕಡೆ ಒಂದು ಬೀಜದ ಕಂಪನಿಯ ಲ್ಯಾಬಿಗೆ ಹೊಸದಾಗಿ ಸೇರಿದ್ದೆ. ಓನರಮ್ಮನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ತಮ್ಮ ಹೊಲದಲ್ಲೆಲ್ಲ ಪಿ.ಜಿ. ಕಟ್ಟಿಸಿದ್ದರೂ ಅವರ ಕಣ್ಣು ಮಾತ್ರ ಹೊಲದವರದ್ದೇ. ರಸ್ತೆ ಬದಿ ಕಾಂಗ್ರೆಸ್ ಗಿಡ ಕಂಡರೆ ಬಗ್ಗಿ ಕಿತ್ತೆಸೆಯುತ್ತಿದ್ದರು. ಮದುವೆಗೆ ಹೊರಟಾಗಲೂ, ರೇಷ್ಮೆ ಸೀರೆಯಲ್ಲೇ.

ಜೋಳದ ಬೇರಿನಿಂದ ಒಂದು ರಸ ಒಸರುತ್ತದೆ; ಅದು ಸುತ್ತಲಿನ ಕಳೆಯನ್ನು ಏಳಗೊಡುವುದಿಲ್ಲ. ನಮ್ಮ ಲ್ಯಾಬಿನಲ್ಲಿ ಹುಳು ತಡೆಯುವ ಕುಲಾಂತರಿ ಜೋಳ ತಯಾರಾಗುತ್ತಿತ್ತು. ಹೊಸ ಜೀನು ಸೇರಿದ ಮೇಲೂ ಆ ರಸದ ಶಕ್ತಿ ಉಳಿಯುತ್ತದೆಯೇ? ಈ ಪ್ರಶ್ನೆ ನನ್ನ ತಲೆ ಹೊಕ್ಕಿತ್ತು. ಬಾಸ್‌ಗೆ ಈ ರಸದ ಮೇಲೆ ಅಷ್ಟಾಗಿ ನಂಬಿಕೆಯಿರಲಿಲ್ಲ. "ಮೊದ್ಲು ಸಾದಾ ಜೋಳದಲ್ಲಿ ತೋರ್ಸಮ್ಮ, ಆಮೇಲೆ ಗ್ರೀನ್‌ಹೌಸಲ್ಲಿ ಜಾಗ ಕೊಡ್ತೀನಿ" ಅಂದಿದ್ದರು. ಹಾಗಾಗಿ ತಾರಸಿಯಲ್ಲಿ ಹಳೇ ಪೇಂಟ್ ಡಬ್ಬಗಳಿಗೆ ಸಾದಾ ಜೋಳ ಹಾಕಿ, ಜೊತೆಗೇ ಕಳೆಬೀಜ ಬಿತ್ತಿದೆ. ಹೋಲಿಸಿ ನೋಡಲು ಕೆಲವು ಡಬ್ಬಗಳಲ್ಲಿ ಬರೀ ಕಳೆ.

ಒಂದು ಸಂಜೆ ಬಂದು ನೋಡುತ್ತೇನೆ, ಡಬ್ಬಗಳೆಲ್ಲ ಚೊಕ್ಕಟ. ಜೋಳ ಬಿಟ್ಟರೆ ಒಂದು ಎಸಳೂ ಇಲ್ಲ. ಓನರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು.

"ಕೆಲ್ಸಕ್ಕೆ ಓಗೋ ಮಗು, ಪುರುಸೊತ್ತಿಲ್ಲ ಅಂತ ನಾನೇ ಕಿತ್ತಾಕ್ದೆ ಕಣಮ್ಮ."

ನನಗೆ ಅಳುವೇ ಬಂತು. "ಅಮ್ಮಾ, ಆ ಕಳೆ ನಾನೇ ಬಿತ್ತಿದ್ದು" ಅಂದೆ.

ಅವರು ನನ್ನನ್ನು ನೋಡಿದ ರೀತಿ... ಇಂಥವಳಿಗೆ ಮನೆ ಬಾಡಿಗೆ ಕೊಟ್ಟೆನಲ್ಲ ಎನ್ನುವಂತಿತ್ತು. ವಿಷಯವೆಲ್ಲ ಹೇಳಿದೆ. ಕೇಳಿಸಿಕೊಂಡು ಕೆಳಗಿಳಿದರು. ಬೆಳಗ್ಗೆ ಎದ್ದರೆ, ಪಕ್ಕದ ಖಾಲಿ ಸೈಟಿನಿಂದ ಕಳೆಬೀಜ ಉದುರಿಸಿ ತಂದು ಡಬ್ಬಗಳಿಗೆಲ್ಲ ಬಿತ್ತುತ್ತಿದ್ದಾರೆ, ಜೀವಮಾನವೆಲ್ಲ ಕಳೆ ಕಿತ್ತ ಕೈಯಲ್ಲಿ. ಆಮೇಲೆ ದಿನಾ ಚೊಂಬಿನಲ್ಲಿ ನೀರು ಹಾಕುವ ಕೆಲಸವೂ ಅವರದೇ. ಪಕ್ಕದ ತಾರಸಿಗೆ ಯಾರಾದರೂ ಬಟ್ಟೆ ಒಣಹಾಕಲು ಬಂದರೆ ಚೊಂಬು ಬೆನ್ನ ಹಿಂದೆ ಹೋಗುತ್ತಿತ್ತು.

"ಕಳೆಗೆ ನೀರಾಕ್ತಾವ್ಳೆ ಅಂತ ಗೊತ್ತಾದ್ರೆ ನನ್ ಮಾನ ಓಯ್ತದೆ."

ಬರೀ ಕಳೆಯ ಡಬ್ಬಗಳು ಹಸಿರಾಗಿ ತುಂಬಿಕೊಂಡವು. ಜೋಳದ ಬುಡದಲ್ಲಿ ಮಾತ್ರ ಕಳೆ ಬಡಕಲಾಗಿ ಹಳದಿಗೆ ತಿರುಗಿತು. ಇದು ಬೇರಿನ ರಸ ಎಂದು ನಾನು, ತನ್ನ ಕೈಗುಣ ಎಂದು ಅವರು. ಜೋಳದ ನೆರಳಿನ ಪಾಲೂ ಇರಬಹುದು ಎಂದು ಬಾಸ್ ಗೊಣಗಿದರೂ ಗ್ರೀನ್‌ಹೌಸಿನಲ್ಲಿ ಜಾಗ ಕೊಟ್ಟರು. ಆ ದಿನ ಓನರಮ್ಮ ಒಬ್ಬಟ್ಟು ಮಾಡಿ ಬೀದಿಗೆಲ್ಲ ಹಂಚಿದರು, ಯಾಕೆಂದು ಯಾರಿಗೂ ಹೇಳಲಿಲ್ಲ. ನನಗೆ ಮಾತ್ರ ತಾಕೀತು ಮಾಡಿದರು: "ನಿಮ್ ಒಸ ಜೋಳಕ್ಕೂ ಕಳೆ ಎದರ್ತದಾ ನೋಡು. ನಂಗೇ ಮೊದ್ಲು ಏಳ್ಬೇಕು."

ಗ್ರೀನ್‌ಹೌಸಿನ ಜೋಳ ತೆನೆ ಬಿಡುವ ಹೊತ್ತಿಗೆ ಓನರಮ್ಮ ತೀರಿಕೊಂಡಿದ್ದರು. ಹೊಸ ಜೋಳದ ಒಂದು ತಳಿಗೆ ಕಳೆ ಹೆದರಿತ್ತು, ಇನ್ನೊಂದರ ಸುತ್ತ ರಾಜಾರೋಷವಾಗಿ ಬೆಳೆದಿತ್ತು. ಯಾಕೆಂದು ಇನ್ನೂ ಹುಡುಕುತ್ತಿದ್ದೇವೆ. ಮೊದಲು ಕೇಳಬೇಕಾದವರೇ ಇಲ್ಲದಿದ್ದ ಆ ದಿನದ ಸಂಕಟ ಇವತ್ತಿಗೂ ಹೋಗಿಲ್ಲ.

ಮೊನ್ನೆ ಜೋಳ ಕಿತ್ತ ಡಬ್ಬದಲ್ಲಿ, ಇಷ್ಟು ದಿನ ಮುದುಡಿಕೊಂಡಿದ್ದ ಒಂದು ಕಳೆಗಿಡ ಈಗ ಚಿಗುರಿದೆ. ಕೀಳಲು ಕೈ ಬರಲಿಲ್ಲ. ಪಕ್ಕದ ತಾರಸಿಯಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದು ಚೊಂಬು ನೀರು ಹಾಕಿದೆ.