ಊರಿಗೆಲ್ಲ ಬರೆಯುವವನೇ

ನನ್ನ ಹೆಂಡತಿ ಸುಜಾತ ಮದುವೆ ಮನೆಗೂ ಊಟದ ಹೊತ್ತಿಗೆ ಹೋಗಿ, ಕೈ ತೊಳೆದ ಕೂಡಲೇ ವಾಪಸ್ ಬರುವವಳು. ಅಂಥವಳು ಹೋದ ಭಾನುವಾರ ಮಧ್ಯಾಹ್ನವೇ ರೇಷ್ಮೆ ಸೀರೆ ಉಟ್ಟು, "ಶಿಡ್ಲಘಟ್ಟದಲ್ಲಿ ಒಂದು ಹಾಡಿನ ಪ್ರೋಗ್ರಾಂ ಇದೆ, ಹೋಗಣ ಬನ್ರೀ" ಅಂದಳು.

ನನಗೆ ಅನುಮಾನ ಶುರುವಾಗಿದ್ದೇ ಅಲ್ಲಿ.

ಚಿಕ್ಕಬಳ್ಳಾಪುರದಿಂದ ಬೈಕಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ ಗುನುಗು. (ಮನೆಯಲ್ಲಿ ಕುಕ್ಕರ್ ಕೂಗೋದು ಬಿಟ್ಟರೆ ಬೇರೆ ಸಂಗೀತ ಕೇಳಿದ ನೆನಪು ನನಗಿಲ್ಲ.)

ಮುಚ್ಚಿಹೋದ, ರೇಷ್ಮೆ ನೂಲು ತೆಗೆಯುವ ರೀಲಿಂಗ್ ಘಟಕವೊಂದರ ಹಾಲ್. ಗೂಡು ಬೇಯಿಸಿದ ವಾಸನೆ ಗೋಡೆಯಲ್ಲಿ ಇನ್ನೂ ಉಳಿದಿತ್ತು. ಚಾಪೆ ಮೇಲೆ ಇಪ್ಪತ್ತು ಮೂವತ್ತು ಜನ. ಮೈಕಿಲ್ಲ. ಗಿಟಾರ್ ಹಿಡಿದು ಕೂತ ಒಬ್ಬಳೇ ಹುಡುಗಿ, ಮೇಘನಾ. ಜಾನಪದದ ಧಾಟಿಯಲ್ಲಿ ತಾನೇ ಹಾಡು ಕಟ್ಟಿ ಊರೂರಲ್ಲಿ ಹಾಡುತ್ತಾಳಂತೆ. ನಮ್ಮನ್ನು ನೋಡಿದ್ದೇ ಕೈ ಬೀಸಿದಳು.

"ನಿನಗೆ ಹೇಗೆ ಪರಿಚಯ?"

"ದಿಬ್ಬೂರಹಳ್ಳಿ ಸ್ಕೂಲಲ್ಲಿ ನನ್ ಸ್ಟೂಡೆಂಟು ಕಣ್ರೀ. ಸುಮ್ನೆ ಕೇಳಿ."

ಮೊದಲ ಹಾಡುಗಳಿಗೆ ನಾನೂ ತಲೆದೂಗಿದೆ. ಆಮೇಲೆ ಅವಳು, "ಈ ಪದ ನಂದಲ್ಲ, ಟ್ಯೂನ್ ಮಾತ್ರ ನಂದು. ಬರೆದೋರು ಇಲ್ಲೇ ಇದಾರೆ. ಹೆಸರು ಹೇಳ್ಬೇಡ ಅಂದಿದಾರೆ" ಅಂದು ಶುರು ಮಾಡಿದಳು:

*ಹಾಲು ಕಾಯಲಿ ಅಂದೆ, ಉಕ್ಕಿಹೋಯಿತು*
*ಮಾತು ಕಾಯಲಿ ಅಂದೆ, ಸಂಜೆಯಾಯಿತು*
*ಊರಿಗೆಲ್ಲ ಬರೆಯುವವನೇ,*
*ನನಗೊಂದು ಸಾಲು ಬರೆಯೋ*

ವಾರವಾರ ಅಂಕಣದಲ್ಲಿ ಊರಿಗೆಲ್ಲ ಬರೆಯುವವನು ನನ್ನನ್ನು ಬಿಟ್ಟು ಇಲ್ಲಿ ಇನ್ಯಾರಿದ್ದಾರೆ? ಪಕ್ಕಕ್ಕೆ ತಿರುಗಿದೆ. ಸುಜಾತಳ ತುಟಿ ಅಲ್ಲಾಡುತ್ತಿತ್ತು. ಹಾಡಿನ ಜೊತೆಗಲ್ಲ, ಹಾಡಿಗಿಂತ ಒಂದು ಪದ ಮುಂಚೆ!

ಹಾಡು ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೊಬ್ಬಳೇ ತಟ್ಟಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಿದ್ದಳು.

ವಾಪಸ್ ಬರುವಾಗ ಟೀ ಅಂಗಡಿ ಮುಂದೆ ಬೈಕ್ ನಿಲ್ಲಿಸಿದೆ.

"ಆ ಹಾಡು ನೀನು ಬರೆದಿದ್ದಾ?"

"ಯಾವ್ದು?"

"ಅದೇ, ಊರಿಗೆಲ್ಲ ಬರೆಯೋನು."

"ಊರಿಗೆ ಬರಿಯೋರು ನೀವೊಬ್ರೇನಾ? ತಾಲ್ಲೂಕು ಆಫೀಸ್ ಮುಂದೆ ಅರ್ಜಿ ಬರಿಯೋರು ಇಲ್ವಾ?"

ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. ಇಂಥ ಸಾಕ್ಷಿಯನ್ನು ಯಾವ ವಕೀಲ ಬಾಯಿ ಬಿಡಿಸಿಯಾನು? ನಾನು ದಾರಿ ಬದಲಿಸಿದೆ.

"ಹಾಡೇನೋ ಚೆನ್ನಾಗಿತ್ತು. ಎರಡನೇ ಚರಣ ಮಾತ್ರ ಸ್ವಲ್ಪ ಉದ್ದ."

"ಅದು ಮೇಘನಾ ಸೇರ್ಸಿದ್ದು ಕಣ್ರೀ! ನಾನು ಬೇಡ ಅಂದೆ..."

ಅಷ್ಟಕ್ಕೇ ನಿಲ್ಲಿಸಿದಳು. ಟೀ ಲೋಟದೊಳಗೆ ನೋಡಿದಳು. ಆಮೇಲೆ, ಕೇಳಲೋ ಬೇಡವೋ ಎನ್ನುವ ಹಾಗೆ, "ನಿಜ್ವಾಗ್ಲೂ ಚೆನ್ನಾಗಿತ್ತಾ?" ಅಂದಳು.

"ಚೆನ್ನಾಗಿತ್ತು" ಅಂದೆ. ಇಷ್ಟು ವರ್ಷ ಪಕ್ಕದಲ್ಲಿದ್ದವಳಿಗೆ ಹಾಡು ಕಟ್ಟಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ, ಅವಳ ಸ್ಟೂಡೆಂಟಿಗೆ ಗೊತ್ತಿತ್ತು.

ಮನೆಗೆ ಬಂದವನೇ ಅವಳಿಗೊಂದು ಸಾಲು ಬರೆಯೋಣವೆಂದು ಕೂತೆ. ಅದು ಬೆಳೆದು ಈ ಅಂಕಣವಾಯಿತು. ಮತ್ತೆ ಊರಿಗೇ!

ಮುಂದಿನ ತಿಂಗಳು ಚಿಂತಾಮಣಿಯಲ್ಲಿ ಮೇಘನಾಳ ಇನ್ನೊಂದು ಪ್ರೋಗ್ರಾಂ. ಎಲ್ಲವೂ ಹೊಸ ಹಾಡುಗಳಂತೆ. ಸುಜಾತ ಈಗಲೇ ಸೀರೆ ಇಸ್ತ್ರಿಗೆ ಕೊಟ್ಟಿದ್ದಾಳೆ.

ನೀವೇ ಹೇಳಿ, ನಾನು ಮುಂದಿನ ಸಾಲಿನಲ್ಲಿ ಕೂರಲೋ, ಬಾಗಿಲ ಹತ್ತಿರವೋ?