ಚಟ್ನಿಯ ಕಟ್ಟೆ ಒಡೆದಾಗ

ಎಣ್ಣೆ ಬಾಳೆಎಲೆಯ ಅಂಚು ದಾಟಿ, ಪಕ್ಕದಲ್ಲಿ ಕುಳಿತಿದ್ದ ವರನ ತಂದೆಯ ಬಿಳಿ ಧೋತರಕ್ಕೆ ಇಳಿದಾಗ ನನ್ನ ಉಪನ್ಯಾಸ ಇನ್ನೂ ಮುಗಿದಿರಲಿಲ್ಲ.

ವರನ ಕಡೆಯವರು ನಮ್ಮ ಮಗಳನ್ನು ನೋಡಿ ಹೋಗಿದ್ದರು, ಉತ್ತರ ಬಂದಿರಲಿಲ್ಲ. ಈಗ ನಾವು ಅವರ ಮನೆ ನೋಡಲು ಚಿಕ್ಕೋಡಿಯಿಂದ ಕಾಗವಾಡಕ್ಕೆ ಹೋಗಿದ್ದೆವು. ಊಟಕ್ಕೆ ಕುಳಿತಾಗ ವರನ ತಂದೆ ನನ್ನ ಉದ್ಯೋಗ ಕೇಳಿದರು. ಮಣ್ಣು, ಕಲ್ಲಿನ ಸಂದುಗಳಲ್ಲಿ ನೀರು, ಎಣ್ಣೆ, ಗಾಳಿ ಒಂದನ್ನೊಂದು ತಳ್ಳಿಕೊಂಡು ಹೇಗೆ ಸಾಗುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವನು ನಾನು. ಹೆಂಡತಿ ಕಣ್ಣಿನಲ್ಲೇ ಬೇಡವೆಂದಳು. ಆದರೂ ಎಲ್ಲರಂತೆ ಗುರೆಳ್ಳು ಚಟ್ನಿಪುಡಿಯಲ್ಲಿ ಕುಣಿ ತೋಡಿ, ಎಣ್ಣೆ ಸುರಿಯುತ್ತ ಘೋಷಿಸಿದೆ: “ನೋಡ್ರಿ, ಪುಡಿ ಎಲ್ಲಾ ಹೀರತೈತಿ. ಒಂದ್ ಹನಿ ಹೊರಗ ಬರಂಗಿಲ್ಲ.”

ಪುಡಿಯ ಕಟ್ಟೆ ಒಡೆಯಿತು.

“ನಿಮ್ಮ ಕಂಪ್ಯೂಟರಿನ್ಯಾಗ ಧೋತರ ಇರಲಿಲ್ಲೇನ್ರಿ?” ಎಂದರು ಅವರು. ಸಂಬಂಧ ಮುರಿಯಿತೆಂದು ಹೆಂಡತಿ ತಲೆ ತಗ್ಗಿಸಿದಳು. ಕೈ ತೊಳೆದ ಮೇಲೆ ಅವರೇ ಹೇಳಿದರು: “ಹುಡುಗಿ ನಮಗ ಒಪ್ಪಿಗಿ ಐತ್ರಿ. ಮದವ್ಯಾಗ ಮಾತ್ರ ನೀವು ನನ್ನ ಬಾಜೂಕ ಊಟಕ್ಕ ಕುಂದ್ರಬ್ಯಾಡ್ರಿ.”

ಈಗ ನಾವು ಬೀಗರು. ನನ್ನ ಲೆಕ್ಕದಲ್ಲಿ ಎಣ್ಣೆ ಇಂದಿಗೂ ಅಂಚು ದಾಟುವುದಿಲ್ಲ. ಕಾಗವಾಡದಲ್ಲಿ ಮಾತ್ರ, ನನಗೆ ಎಣ್ಣೆ ಬಡಿಸುವ ಚಮಚ ಬೀಗಿತ್ತಿಯ ಕೈ ಬಿಟ್ಟು ನನ್ನ ಕೈಗೆ ಬರುವುದಿಲ್ಲ.